ಮಾಡದ ತಪ್ಪಿಗೆ ಏಟು: ವಯಸ್ಕರ ಶಿಕ್ಷೆಯ ಕಥೆಗಳಲ್ಲಿ ಅನ್ಯಾಯವನ್ನು ಬರೆಯುವ ಬಗೆ

ಕೋತಿ ತಾನು ಮೊಸರು ತಿಂದು ಮೇಕೆ ಬಾಯಿಗೆ ಒರೆಸಿತಂತೆ. ಈ ಗಾದೆ ಕೇಳಿದಾಗಲೆಲ್ಲ ನನಗೆ ನೆನಪಾಗುವುದು ಮೇಕೆಯೇ, ಕೋತಿ ಅಲ್ಲ. ಬಾಯಿ ಸುತ್ತ ಮೊಸರು ಮೆತ್ತಿಕೊಂಡು ನಿಂತಿದೆ. ಯಜಮಾನ ಕೋಲು ಹಿಡಿದು ಬರುತ್ತಿದ್ದಾನೆ. ಅದಕ್ಕೆ ಮಾತು ಬರುವುದಿಲ್ಲ. ನಮಗೆ ಮಾತ್ರ ನಿಜ ಗೊತ್ತು.

ಸ್ಪ್ಯಾಂಕಿಂಗ್ ಕಥೆಗಳು ಅಂತ ಒಂದು ಬಗೆಯ ಬರವಣಿಗೆ ಇದೆ. ಇಬ್ಬರು ವಯಸ್ಕರು, ಸಾಮಾನ್ಯವಾಗಿ ಗಂಡ ಹೆಂಡತಿ ಅಥವಾ ಪ್ರೇಮಿಗಳು. ಅವರಲ್ಲಿ ಒಬ್ಬರು ಇನ್ನೊಬ್ಬರಿಗೆ ಕುಂಡೆಯ ಮೇಲೆ ಏಟು ಕೊಟ್ಟು ಶಿಕ್ಷಿಸುವುದು ಕಥೆಯ ನಡುವಿನ ಸಂಗತಿ. ಇಂಗ್ಲಿಷ್‌ನಲ್ಲಿ ಇಂಥವು ಸಾವಿರಾರು ಇವೆ. ಕನ್ನಡಿಗರೂ ಓದುತ್ತಾರೆ, ಹೇಳಿಕೊಳ್ಳುವುದಿಲ್ಲ ಅಷ್ಟೆ. ನಾನು ಹಲವು ವರ್ಷ ಓದಿದ್ದೇನೆ, ಬರೆದೂ ಇದ್ದೇನೆ. ಈ ಓದಿನಲ್ಲಿ ಒಂದು ವಿಷಯ ಮತ್ತೆ ಮತ್ತೆ ಎದುರಾಯಿತು. ತಪ್ಪು ಮಾಡಿ ಏಟು ತಿಂದವರ ಕಥೆ ಒಂದು ವಾರದಲ್ಲಿ ಮರೆತುಹೋಗುತ್ತದೆ. ತಪ್ಪು ಮಾಡದೆ ತಿಂದವರ ಕಥೆ ವರ್ಷಗಟ್ಟಲೆ ಮನಸ್ಸಿನಲ್ಲಿ ಉಳಿಯುತ್ತದೆ.

ಯಾಕೆ? ನಾನು ಕಂಡುಕೊಂಡ ಉತ್ತರ ಲೆಕ್ಕದ ಪುಸ್ತಕದ್ದು. ನ್ಯಾಯವಾದ ಶಿಕ್ಷೆ ಲೆಕ್ಕ ಮುಗಿಸುತ್ತದೆ. ಮಾಡಿದ್ದುಣ್ಣೋ ಮಹರಾಯ, ಮುಗಿಯಿತು. ಅನ್ಯಾಯದ ಶಿಕ್ಷೆ ಹೊಸ ಲೆಕ್ಕ ಶುರು ಮಾಡುತ್ತದೆ. ಏಟು ಕೊಟ್ಟವರು ಈಗ ಸಾಲಗಾರರು. ಆ ಸಾಲ ತೀರುವುದು ಹೇಗೆ, ಯಾವಾಗ ಅನ್ನುವುದನ್ನು ತಿಳಿಯಲು ಓದುಗರು ಕಾಯುತ್ತಾರೆ. ಮುಂದೆ ಹೇಳುವ ಹೆಜ್ಜೆಗಳೆಲ್ಲ ಈ ಒಂದು ಮಾತಿನಿಂದಲೇ ಹುಟ್ಟಿದವು.

ಶುರುವಿಗೆ ಮುಂಚೆ ಒಂದು ಗೆರೆ

ಕಥೆಯ ಎಲ್ಲ ಪಾತ್ರಗಳೂ ವಯಸ್ಕರಾಗಿರಬೇಕು. ವಯಸ್ಸು ಸ್ಪಷ್ಟವಾಗಿರಲಿ, ನಡವಳಿಕೆಯೂ ಆ ವಯಸ್ಸಿನದೇ ಆಗಿರಲಿ. ಇಂಗ್ಲೆಂಡಿನಲ್ಲಿ 19ನೇ ಶತಮಾನದಲ್ಲಿ ಗುಟ್ಟಾಗಿ ಅಚ್ಚಾಗುತ್ತಿದ್ದ ಇಂಥ ಪುಸ್ತಕಗಳು ಎಷ್ಟೋ ಸಲ ಶಾಲೆಯ ಕೋಣೆಯಲ್ಲೇ ನಡೆಯುತ್ತಿದ್ದವು. ಆ ದಾರಿ ನಮಗೆ ಬೇಡವೇ ಬೇಡ. ಮಕ್ಕಳಿಗೆ ಬಿದ್ದ ಬೆತ್ತದ ಏಟು ನೋವಿನ ವಿಷಯ, ಅದು ಈ ಬಗೆಯ ಕಥೆಗೆ ಸರಕಲ್ಲ. ನಮ್ಮಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಶಾಲೆಯಲ್ಲಿ ಹೊಡೆಯುವುದನ್ನೇ ನಿಷೇಧಿಸಿದೆ. ನಾನು ಇಲ್ಲಿ ಬರೆಯುವುದೆಲ್ಲ ದೊಡ್ಡವರ ಬಗ್ಗೆ ಮಾತ್ರ.

ಯಾವ ಅನ್ಯಾಯ ಅಂತ ಮೊದಲು ಆರಿಸಿಕೊಳ್ಳಿ

ಅನ್ಯಾಯ ಅಂದರೆ ಒಂದೇ ಬಗೆಯದಲ್ಲ. ಕನ್ನಡದ ಗಾದೆಗಳೇ ಇದನ್ನು ಚೆನ್ನಾಗಿ ಬಿಡಿಸಿಟ್ಟಿವೆ. ಮೇಕೆಯ ಬಾಯಿಗೆ ಮೊಸರು ಅಂದರೆ ಒಬ್ಬರು ಬೇಕಂತಲೇ ಇನ್ನೊಬ್ಬರ ತಲೆಗೆ ಕಟ್ಟುವುದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂದರೆ ಕೆಟ್ಟ ಉದ್ದೇಶವಿಲ್ಲದಿದ್ದರೂ ಆಳು ತಪ್ಪಿಹೋಗುವುದು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂದರೆ ಆಫೀಸಿನಲ್ಲಿ ಬಂದ ಸಿಟ್ಟನ್ನು ಮನೆಯಲ್ಲಿ ತೀರಿಸಿಕೊಳ್ಳುವುದು. ಇವು ಮೂರೂ ಬೇರೆ ಬೇರೆ ಕಥೆಗಳು.

ಇನ್ನೂ ಕೆಲವು ಇವೆ. ತಪ್ಪು ಸಣ್ಣದು, ಶಿಕ್ಷೆ ದೊಡ್ಡದು. ಹೇಳಿಯೇ ಇರದ ನಿಯಮ ಮುರಿದದ್ದಕ್ಕೆ ಶಿಕ್ಷೆ. ಇಬ್ಬರು ಸೇರಿ ಮಾಡಿದ ತಪ್ಪಿಗೆ ಒಬ್ಬರಿಗೆ ಮಾತ್ರ ಏಟು. ಇನ್ನೊಬ್ಬರನ್ನು ಉಳಿಸಲು ತಾವೇ ತಪ್ಪು ಹೊತ್ತುಕೊಳ್ಳುವುದು. ನನಗೆ ಹೆಚ್ಚು ಇಷ್ಟವಾದದ್ದು ಈ ಕೊನೆಯದು. ಇದರಲ್ಲಿ ಏಟು ತಿನ್ನುವವರ ಕೈಯಲ್ಲೂ ಒಂದು ಅಧಿಕಾರ ಇರುತ್ತದೆ. ಬಾಯಿ ಬಿಟ್ಟರೆ ತಪ್ಪಿಸಿಕೊಳ್ಳಬಹುದು, ಆದರೂ ಬಿಡುವುದಿಲ್ಲ.

ಒಂದು ಕಥೆಗೆ ಒಂದೇ ಅನ್ಯಾಯ ಸಾಕು. ಎರಡು ಮೂರನ್ನು ಸೇರಿಸಿದರೆ ಓದುಗರಿಗೆ ಬರೀ ಸುಸ್ತಾಗುತ್ತದೆ.

ನಾನು ಇಲ್ಲೊಂದು ಉದಾಹರಣೆ ಕಟ್ಟುತ್ತೇನೆ. ವಿನಯ್‌ಗೆ 38 ವರ್ಷ, ಹೆಂಡತಿ ಸುಮಾಗೆ 36. ವಿನಯ್ ಸಿಗರೇಟು ಬಿಟ್ಟು ಒಂದು ವರ್ಷವಾಗಿದೆ. ಬಿಡಿಸಿದ್ದು ಸುಮಾ. ಮತ್ತೆ ಸೇದಿದರೆ ಏಟು ಅಂತ ಇಬ್ಬರೂ ಕೂತು ಮಾತಾಡಿ ಒಪ್ಪಿಕೊಂಡಿದ್ದಾರೆ. ಒಂದು ಮದುವೆ ಮನೆಯಿಂದ ಬಂದ ರಾತ್ರಿ ಅವನ ಕೋಟಿನ ಜೇಬಿನಲ್ಲಿ ಸಿಗರೇಟಿನ ಪ್ಯಾಕು ಸಿಗುತ್ತದೆ. ಅದು ಸುಮಾಳ ತಮ್ಮನದು. ಅಮ್ಮ ಹತ್ತಿರ ಬಂದರು ಅಂತ ಅವನು ಗಾಬರಿಯಲ್ಲಿ ಭಾವನ ಜೇಬಿಗೆ ತುರುಕಿದ್ದ. "ಅಕ್ಕಂಗೆ ಮಾತ್ರ ಹೇಳ್ಬೇಡಿ ಭಾವ" ಅಂತ ಮಾತನ್ನೂ ತೆಗೆದುಕೊಂಡಿದ್ದ.

ಓದುಗರಿಗೆ ನಿಜವನ್ನು ಬೇಗ ಹೇಳಿಬಿಡಿ

ಹೊಸದಾಗಿ ಬರೆಯುವವರು ಇಲ್ಲಿ ಎಡವುತ್ತಾರೆ. ನಿಜವನ್ನು ಕೊನೆಗೆ ಬಯಲು ಮಾಡಿದರೆ ಪರಿಣಾಮ ಜಾಸ್ತಿ ಅಂದುಕೊಳ್ಳುತ್ತಾರೆ. ಈ ಬಗೆಯ ಕಥೆಯಲ್ಲಿ ಆಗುವುದು ಉಲ್ಟಾ.

ಅಮೆರಿಕದ ಮನಶ್ಶಾಸ್ತ್ರಜ್ಞ ಮೆಲ್ವಿನ್ ಲರ್ನರ್ ಮತ್ತು ಕ್ಯಾರೊಲಿನ್ ಸಿಮನ್ಸ್ 1966ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಒಬ್ಬ ಹೆಣ್ಣುಮಗಳಿಗೆ ಕರೆಂಟು ಶಾಕ್ ಕೊಡುತ್ತಿರುವಂತೆ ನೋಡುವವರಿಗೆ ತೋರಿಸಿದರು. ಆಕೆ ನಟಿಸುತ್ತಿದ್ದಳು, ಶಾಕ್ ನಿಜವಾಗಿ ಇರಲಿಲ್ಲ. ಅದನ್ನು ತಡೆಯುವ ದಾರಿ ಕಾಣದಾಗ ನೋಡುವವರು ನಿಧಾನವಾಗಿ ಆಕೆಯನ್ನೇ ಕೀಳಾಗಿ ಕಾಣತೊಡಗಿದರು. ಲೋಕ ನ್ಯಾಯವಾಗಿದೆ ಅಂತ ನಂಬಿಕೊಳ್ಳಲು ನಮಗೆ ಅಷ್ಟು ಆಸೆ. ಏಟು ಬಿದ್ದರೆ ಏನೋ ಮಾಡಿರಬೇಕು ಅಂದುಕೊಳ್ಳುತ್ತೇವೆ.

ನಿಮ್ಮ ಓದುಗರೂ ಹಾಗೇ ಮಾಡುತ್ತಾರೆ. ನಿಜ ಗೊತ್ತಿಲ್ಲದಿದ್ದರೆ ಅವರು ವಿನಯ್ ಮೇಲೆ ಅನುಮಾನ ಪಡುತ್ತಾರೆ, ಸುಮಾಳ ಪಕ್ಕ ನಿಲ್ಲುತ್ತಾರೆ. ಆದ್ದರಿಂದ ಸುಮಾಳ ತಮ್ಮ ಪ್ಯಾಕು ತುರುಕುವ ದೃಶ್ಯವನ್ನು ಮೊದಲ ಪುಟದಲ್ಲೇ ಇಡಿ. ಆಮೇಲೆ ಸುಮಾ ಕೋಟನ್ನು ಹ್ಯಾಂಗರಿಗೆ ಹಾಕಲು ಕೈಗೆತ್ತಿಕೊಂಡರೆ ಸಾಕು, ಓದುಗರ ಎದೆ ಹೊಡೆದುಕೊಳ್ಳುತ್ತದೆ. ಜೇಬಿಗೆ ಕೈ ಹಾಕುವುದನ್ನು ಎಷ್ಟು ಬೇಕಾದರೂ ನಿಧಾನ ಮಾಡಿ.

ಅನ್ಯಾಯ ನಮ್ಮನ್ನು ಕೆಣಕುವುದು ಬರೀ ಓದಿನಿಂದ ಬಂದ ಗುಣವಲ್ಲ. ಸಾರಾ ಬ್ರಾಸ್ನನ್ ಮತ್ತು ಫ್ರಾನ್ಸ್ ಡಿ ವಾಲ್ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕ್ಯಾಪುಚಿನ್ ಕೋತಿಗಳು ಸೌತೆಕಾಯಿ ತುಂಡಿಗಾಗಿ ಸಂತೋಷದಿಂದ ಕೆಲಸ ಮಾಡುತ್ತಿದ್ದವು. ಅದೇ ಕೆಲಸಕ್ಕೆ ಪಕ್ಕದ ಕೋತಿಗೆ ದ್ರಾಕ್ಷಿ ಸಿಗುವುದನ್ನು ಕಂಡಾಗ ಎಷ್ಟೋ ಸಲ ಸೌತೆಕಾಯಿಯನ್ನೇ ಬೇಡ ಅಂದವು. ಇಬ್ಬರ ತಪ್ಪಿಗೆ ಒಬ್ಬರಿಗೆ ಏಟು ಬೀಳುವ ಕಥೆ ಬರೆಯುವಾಗ ಈ ಕೋತಿಗಳನ್ನು ನೆನಪಿಡಿ. ತಪ್ಪಿಸಿಕೊಂಡವನು ಪಕ್ಕದ ಕೋಣೆಯಲ್ಲೇ ಇರಲಿ, ಕಾಫಿ ಕುಡಿಯುತ್ತಿರಲಿ.

ಶಿಕ್ಷಿಸುವವರನ್ನು ಕೆಟ್ಟವರನ್ನಾಗಿ ಮಾಡಬೇಡಿ

ಸುಮಾ ಕ್ರೂರಿಯಾದರೆ ಕಥೆ ಅಲ್ಲಿಗೇ ಸತ್ತಿತು. ಕೆಟ್ಟವರು ಅನ್ಯಾಯ ಮಾಡಿದರೆ ಆಶ್ಚರ್ಯವೇನಿದೆ? ಅವರ ಮೇಲೆ ಸಾಲವೂ ಹುಟ್ಟುವುದಿಲ್ಲ, ಯಾಕೆಂದರೆ ತೀರಿಸುತ್ತಾರೆ ಅನ್ನುವ ಭರವಸೆಯೇ ಇರುವುದಿಲ್ಲ. ಪ್ರೀತಿಸುವವರು, ನ್ಯಾಯವಾಗಿರಬೇಕು ಅಂತ ನಿಜವಾಗಿ ಒದ್ದಾಡುವವರು ತಪ್ಪಿದಾಗಲೇ ಅದು ಸುಡುತ್ತದೆ.

ಅವಳ ತಪ್ಪಿಗೆ ಗಟ್ಟಿ ಕಾರಣ ಕೊಡಿ. ವಿನಯ್ ಹಿಂದೆ ಎರಡು ಸಲ "ನಂದಲ್ಲ" ಅಂತ ಸುಳ್ಳು ಹೇಳಿದ್ದ. ಸುಮಾಳ ಅಪ್ಪ ಶ್ವಾಸಕೋಶದ ಕಾಯಿಲೆಯಲ್ಲಿ ತೀರಿಕೊಂಡರು. ಈಗ ಮೂರನೇ ಸಲ ಅದೇ ಮಾತು ಕಿವಿಗೆ ಬಿದ್ದಾಗ ಅವಳು ನಂಬುವುದು ಹೇಗೆ? ಓದುಗರಿಗೆ ಅವಳ ಸಂಕಟವೂ ಅರ್ಥವಾಗಬೇಕು. ಇಬ್ಬರ ಮೇಲೂ ಕರುಣೆ ಬಂದರೆ ನೀವು ಗೆದ್ದಿರಿ.

ಇದರ ಆಳ ಎಷ್ಟು ಅಂತ ನನಗೆ ತೋರಿಸಿದ್ದು ರಾಘವಾಂಕನ ಹರಿಶ್ಚಂದ್ರ ಕಾವ್ಯ. ಅದರ ಗೌರವವೇ ಬೇರೆ, ಅದನ್ನು ಈ ಬಗೆಯ ಕಥೆಗಳ ಸಾಲಿಗೆ ನಾನು ತರುತ್ತಿಲ್ಲ. ಆದರೆ ಮಾಡದ ತಪ್ಪಿನ ಶಿಕ್ಷೆಯನ್ನು ಕನ್ನಡದಲ್ಲಿ ಅದಕ್ಕಿಂತ ಗಟ್ಟಿಯಾಗಿ ಕಟ್ಟಿದ್ದು ನನಗೆ ಗೊತ್ತಿಲ್ಲ. ಚಂದ್ರಮತಿಯ ಮೇಲೆ ಅರಸನ ಮಗುವನ್ನು ಕೊಂದ ಆರೋಪ ಬರುತ್ತದೆ. ಅವಳು ಕೊಂದಿಲ್ಲ. ಕತ್ತಿ ಎತ್ತಬೇಕಾದವನು ಅವಳ ಗಂಡ, ಸುಡುಗಾಡಿನ ಚಾಕರಿಗೆ ತನ್ನನ್ನು ಮಾರಿಕೊಂಡ ಹರಿಶ್ಚಂದ್ರ. ಅಲ್ಲಿ ನಮ್ಮನ್ನು ಅಲುಗಾಡಿಸುವುದು ಕತ್ತಿಯ ಹರಿತವಲ್ಲ, ಅದನ್ನು ಹಿಡಿದ ಕೈ ಯಾರದು ಅನ್ನುವುದು. ನಮ್ಮ ಸಣ್ಣ ಕಥೆಗಳೂ ಕಲಿಯಬೇಕಾದ್ದು ಇದನ್ನೇ.

"ನಾನಲ್ಲ" ಅನ್ನುವ ಮಾತು ಎಷ್ಟು ಸಲ?

ಒಂದೇ ಸಲ. ಹೆಚ್ಚೆಂದರೆ ಎರಡು.

ಹತ್ತು ಸಲ ಹೇಳಿದರೆ ಅದು ವಾದವಾಗುತ್ತದೆ, ಓದುಗರು ವಕೀಲರಾಗಿಬಿಡುತ್ತಾರೆ. ಒಮ್ಮೆ ಹೇಳಿ ಸುಮ್ಮನಾದರೆ ಆ ಮೌನ ಕೋಣೆಯನ್ನೆಲ್ಲ ತುಂಬುತ್ತದೆ. ಯಾಕೆ ಸುಮ್ಮನಾದರು ಅನ್ನುವುದನ್ನು ಮಾತ್ರ ನೀವು ಮೊದಲೇ ಯೋಚಿಸಿಟ್ಟಿರಬೇಕು. ಕೊಟ್ಟ ಮಾತೇ? ಸ್ವಾಭಿಮಾನವೇ? "ನಂಬದವರಿಗೆ ಏನು ಹೇಳುವುದು" ಅನ್ನುವ ಬೇಸರವೇ? ಇಲ್ಲವೇ ಹಿಂದೆ ಹೇಳಿದ ಸುಳ್ಳಿನ ನಾಚಿಕೆಯೇ?

ಇಲ್ಲಿ ಕನ್ನಡ ನಮಗೆ ಒಂದು ಒಳ್ಳೆಯ ಸಾಧನ ಕೊಟ್ಟಿದೆ, ಇಂಗ್ಲಿಷ್‌ನಲ್ಲಿ ಅದಿಲ್ಲ. ಏಕವಚನ ಮತ್ತು ಬಹುವಚನ. ಸುಮಾ ಗಂಡನನ್ನು "ರೀ" ಅನ್ನುತ್ತಾಳೆ, ಶಿಕ್ಷಿಸುವ ಅಧಿಕಾರ ಅವಳ ಕೈಯಲ್ಲಿದ್ದರೂ. "ಇದೇನ್ರೀ ಇದು?" ಅಂತ ಕೇಳುವಾಗಲೂ ಗೌರವ ಬಿಡುವುದಿಲ್ಲ.

"ನಂದಲ್ಲ ಸುಮಾ."

"ಹೋದ ಸಲನೂ ಇದನ್ನೇ ಹೇಳಿದ್ರಿ."

ಇಷ್ಟೇ ಸಾಕು. ಆ "ಹೇಳಿದ್ರಿ"ಯಲ್ಲಿ ಸಿಟ್ಟಿಗಿಂತ ದಣಿವು ಹೆಚ್ಚು ಕೇಳಿಸುತ್ತದೆ. ಬೇರೆ ಜೋಡಿಯಲ್ಲಿ "ನೀನು" ಇದ್ದದ್ದು ತಟ್ಟನೆ "ನೀವು" ಆದರೆ ಅದೇ ಮೊದಲ ಏಟು.

ಏಟಿನ ದೃಶ್ಯ

ಇದು ಉದ್ದವಾಗಿರಬೇಕು ಅಂತ ಬಹಳ ಜನ ನಂಬಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಅನ್ಯಾಯದ ಕಥೆಯಲ್ಲಿ ಏಟು ಒಂದು ಸೇತುವೆ ಮಾತ್ರ. ಮರದ ಸೌಟನ್ನು ಅಡುಗೆಮನೆಯಿಂದ ತರುವ ಹೆಜ್ಜೆಯ ಸದ್ದು, ಪಕ್ಕದ ಮನೆಯವರಿಗೆ ಕೇಳಿಸಬಾರದು ಅಂತ ಕಿಟಕಿ ಹಾಕುವುದು, ಅವನು ಮದುವೆ ಮನೆಯ ರೇಷ್ಮೆ ಪಂಚೆಯಲ್ಲೇ ಇರುವುದು. ಇಂಥ ಎರಡು ಮೂರು ವಿವರ ಸಾಕು. ಏಟುಗಳನ್ನು ಎಣಿಸುತ್ತಾ ಹೋಗಬೇಡಿ. ನೋವನ್ನು ದೇಹದಲ್ಲಿ ಸ್ವಲ್ಪವೇ ಹೇಳಿ. ಹೆಚ್ಚು ಜಾಗ ಅವನ ತಲೆಯಲ್ಲಿ ಓಡುವ ಮಾತಿಗೆ ಕೊಡಿ.

ಹಾಗೇ ಸುಮಾಳ ಕೈ ಒಂದು ಸಲ ತಡೆಯಲಿ. ಅವಳಿಗೆ ಏನೋ ಸರಿ ಇಲ್ಲ ಅನ್ನಿಸಬೇಕು. ಹಿಂದೆ ತಪ್ಪು ಮಾಡಿದಾಗ ಅವನು ಬಡಬಡಿಸುತ್ತಿದ್ದ, ಕ್ಷಮೆ ಕೇಳುತ್ತಿದ್ದ. ಇವತ್ತು ಉಸಿರೇ ಇಲ್ಲ. ಈ ಒಂದು ತಡೆ ಮುಂದೆ ಅವಳ ಪಶ್ಚಾತ್ತಾಪಕ್ಕೆ ಬೇರಾಗುತ್ತದೆ. ಅನುಮಾನ ಬಂದಿತ್ತು, ಆದರೂ ಕೇಳಲಿಲ್ಲ ಅಂತ ಅವಳು ಆಮೇಲೆ ತನ್ನನ್ನೇ ತಿನ್ನುತ್ತಾಳೆ.

ಓದುವವರಿಗೆ ಇದರಲ್ಲಿ ಸುಖ ಎಲ್ಲಿಂದ ಬಂತು ಅಂತ ಕೆಲವರು ಕೇಳುತ್ತಾರೆ. ಜೀರಿಗೆ ಮೆಣಸಿನ ಚಟ್ನಿಯಿಂದ ಎಲ್ಲಿಂದ ಬಂತೋ ಅಲ್ಲಿಂದಲೇ. ಪಾಲ್ ರೋಜಿನ್ ಎಂಬ ಮನಶ್ಶಾಸ್ತ್ರಜ್ಞ ಮತ್ತು ಸಂಗಡಿಗರು 2013ರಲ್ಲಿ ಖಾರ, ದುಃಖದ ಸಿನಿಮಾ, ಹೆದರಿಸುವ ಆಟ ಇವುಗಳ ಖುಷಿಯ ಬಗ್ಗೆ ಬರೆದರು. ದೇಹ ಅಪಾಯ ಅನ್ನುತ್ತದೆ, ಮನಸ್ಸಿಗೆ ಅಪಾಯವಿಲ್ಲ ಅಂತ ಗೊತ್ತು. ಆ ಎರಡರ ನಡುವೆ ಒಂದು ಸುಖ ಇದೆ ಅನ್ನುವುದು ಅವರ ವಿವರಣೆ. ಕಥೆಯ ಅನ್ಯಾಯವೂ ಹಾಗೇ. ಅಳು ಬರುತ್ತದೆ, ಆದರೆ ಪುಸ್ತಕ ಮುಚ್ಚುವ ಅಧಿಕಾರ ನಮ್ಮ ಕೈಯಲ್ಲಿದೆ. ಇಂಥ ಆಸಕ್ತಿ ಇದ್ದ ಮಾತ್ರಕ್ಕೆ ಕಾಯಿಲೆಯೂ ಅಲ್ಲ. ಅಮೆರಿಕದ ಮನೋವೈದ್ಯರು ಬಳಸುವ ಕೈಪಿಡಿಯ 2013ರ ಆವೃತ್ತಿ, ಸ್ವತಃ ಆ ವ್ಯಕ್ತಿಗೆ ಸಂಕಟವಾಗದೆ ಅಥವಾ ಬೇರೆಯವರಿಗೆ ಹಾನಿಯಾಗದೆ ಇದ್ದರೆ ಅದನ್ನು ಕಾಯಿಲೆ ಅಂತ ಕರೆಯುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕಾದ್ದು: ಕ್ಷಮೆ

ನನ್ನ ಮೊದಲ ಕೆಲಸದಲ್ಲಿ ಒಂದು ಲೆಕ್ಕದ ತಪ್ಪನ್ನು ನನ್ನ ತಲೆಗೆ ಕಟ್ಟಿದರು. ಎಲ್ಲರ ಮುಂದೆ ಬೈಸಿಕೊಂಡೆ. ಹದಿನೈದು ದಿನಕ್ಕೆ ನಿಜ ಗೊತ್ತಾಯಿತು. ಮೇಲಿನವರು ನನ್ನ ಮೇಜಿನ ಹತ್ತಿರ ಬಂದರು, ಒಂದು ಫೈಲ್ ಇಟ್ಟರು, ಹೋದರು. ಸಾರಿ ಅನ್ನಲಿಲ್ಲ. ಇಷ್ಟು ವರ್ಷವಾದರೂ ಆ ಫೈಲಿನ ಬಣ್ಣ ನೆನಪಿದೆ. ಬೈದ ಮಾತುಗಳು ಒಂದೂ ನೆನಪಿಲ್ಲ.

ಅನ್ಯಾಯದ ಕಥೆ ಓದುವವರು ಹುಡುಕುವುದು ಆ ಬಾರದೆ ಹೋದ ಕ್ಷಮೆಯನ್ನು. ನಾವೆಲ್ಲರೂ ಎಲ್ಲೋ ಒಂದು ಕಡೆ ಮೇಕೆಯಾಗಿ ನಿಂತವರು. ಜೀವನದಲ್ಲಿ ಹೆಚ್ಚಿನ ಸಲ ಯಾರೂ ಬಂದು "ತಪ್ಪಾಯಿತು" ಅನ್ನುವುದಿಲ್ಲ. ಕಥೆಯಲ್ಲಿ ಅನ್ನಬಹುದು. ಇದನ್ನು ಎರಡು ಸಾಲಿನಲ್ಲಿ ಮುಗಿಸಿದ ಕಥೆಗಳನ್ನು ನಾನು ಎಷ್ಟೋ ಓದಿ ಸಂಕಟಪಟ್ಟಿದ್ದೇನೆ. ಏಟಿಗೆ ಮೂರು ಪುಟ, ಕ್ಷಮೆಗೆ ಎರಡು ಸಾಲು. ಓದುಗರಿಗೆ ಮೋಸ ಮಾಡಿದ ಹಾಗಲ್ವಾ ಅದು?

ಹೀಗೆ ಮಾಡಿ. ನಿಜ ಗೊತ್ತಾಗುವುದು ಸಣ್ಣದೊಂದು ಸಂಗತಿಯಿಂದ ಆಗಲಿ. ಮಾರನೇ ದಿನ ತಮ್ಮ ಫೋನ್ ಮಾಡುತ್ತಾನೆ. ವಿನಯ್ ಸ್ನಾನಕ್ಕೆ ಹೋಗಿದ್ದಾನೆ, ಸುಮಾ ಎತ್ತುತ್ತಾಳೆ. ಅವನು ಅತ್ತಲಿಂದ ಧ್ವನಿ ಕೇಳುವ ಮೊದಲೇ "ಭಾವ, ನನ್ನ ಪ್ಯಾಕು ನಿಮ್ಮ ಹತ್ರನೇ ಉಳೀತಲ್ಲ" ಅಂದುಬಿಡುತ್ತಾನೆ. ಸುಮಾ ಏನೂ ಹೇಳದೆ ಫೋನ್ ಇಡುತ್ತಾಳೆ. ಬಚ್ಚಲಿನಲ್ಲಿ ನೀರಿನ ಸದ್ದು. ಅದು ನಿಲ್ಲುವವರೆಗೆ ಅವಳಿಗೆ ಸಮಯ ಇದೆ. ಆ ಸಮಯವನ್ನು ಪೂರ್ತಿ ಬರೆಯಿರಿ.

ಕ್ಷಮೆ ಕೇಳುವಾಗ "ಆದರೆ" ಬರಬಾರದು. "ತಪ್ಪಾಯ್ತು, ಆದ್ರೆ ನೀವು ಮೊದಲೇ ಹೇಳ್ಬೋದಿತ್ತು" ಅಂದರೆ ಸಾಲ ತೀರಲಿಲ್ಲ, ಅರ್ಧ ಅವನ ತಲೆಗೇ ಹೋಯಿತು. ಅವಳು ಮಾಡಿದ್ದನ್ನು ಅವಳ ಬಾಯಲ್ಲೇ ಹೇಳಿಸಿ: "ನೀವು ನಂದಲ್ಲ ಅಂದ್ರಿ. ನಾನು ಕೇಳ್ಲಿಲ್ಲ. ಕೈ ತಡೀತು, ಆಗ್ಲೂ ಕೇಳ್ಲಿಲ್ಲ." ಹಾಗೇ ಅವನಿಗೂ ತಕ್ಷಣ ಕ್ಷಮಿಸುವ ಬಲವಂತ ಇರಬಾರದು. "ಪರವಾಗಿಲ್ಲ ಬಿಡು" ಅನ್ನುವುದು ನಮ್ಮ ನಾಲಿಗೆಗೆ ಬೇಗ ಬರುವ ಮಾತು. ಅವನು ಅದನ್ನು ಹೇಳಲು ಬಾಯಿ ತೆರೆದು, ಹೇಳದೆ ಇರಲಿ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮಡಕೆ ಮತ್ತೆ ಮಾಡಬೇಕು.

ಕೆಲವರು ಇಲ್ಲಿ ಪಾತ್ರ ಅದಲುಬದಲು ಮಾಡುತ್ತಾರೆ. ತಪ್ಪಾಗಿ ಶಿಕ್ಷಿಸಿದವರು ತಾವೇ ಏಟು ಕೇಳಿಕೊಳ್ಳುತ್ತಾರೆ. ಚೆನ್ನಾಗಿ ಬರೆದರೆ ಅದೂ ಸರಿ. ಆದರೆ ಏಟಿಗೆ ಏಟು ಅಂತ ಲೆಕ್ಕ ಬೇಗ ಮುಗಿದುಬಿಡುತ್ತದೆ, ನನಗೆ ಅದು ಸ್ವಲ್ಪ ಸುಲಭ ದಾರಿ ಅನ್ನಿಸುತ್ತದೆ. ಇನ್ನೂ ಗಟ್ಟಿಯಾದದ್ದು ನಿಯಮವೇ ಬದಲಾಗುವುದು. ಇನ್ನು ಮೇಲೆ ಸಿಟ್ಟಿನಲ್ಲಿ ಏನೂ ಇಲ್ಲ, ಒಂದು ರಾತ್ರಿ ಕಳೆದ ಮೇಲೆ ಮಾತು ಅಂತ ಅವಳೇ ಹೇಳುವುದು.

ಕಥೆ ಬೇರೆ, ಮನೆ ಬೇರೆ

ಕಥೆಯ ಒಳಗೆ ಒಪ್ಪಿಗೆ ಅಡಿಪಾಯದಂತೆ ಇರಲಿ. ವಿನಯ್ ಈ ನಿಯಮಕ್ಕೆ ಒಪ್ಪಿದ್ದ, ಬೇಡ ಅಂದರೆ ನಿಲ್ಲಿಸುವ ಮಾತೂ ಅವರ ನಡುವೆ ಇತ್ತು ಅನ್ನುವುದನ್ನು ಒಂದು ಸಾಲಿನಲ್ಲಾದರೂ ಹೇಳಿ. ಅವನಿಗೆ ಆ ಮಾತು ಗೊತ್ತಿದ್ದೂ ಬಳಸಲಿಲ್ಲ ಅನ್ನುವುದು ಕಥೆಗೆ ಇನ್ನೊಂದು ಪದರ ಕೊಡುತ್ತದೆ.

ನಿಜವಾದ ಮನೆಯಲ್ಲಿ ಮಾತ್ರ ಇದನ್ನು ಮಾದರಿ ಮಾಡಿಕೊಳ್ಳಬೇಡಿ. ಪ್ರಣಯದಲ್ಲಿ ಏಟಿನ ಬಗ್ಗೆ ವಾತ್ಸ್ಯಾಯನನೇ ಕಾಮಸೂತ್ರದಲ್ಲಿ ಒಂದು ಅಧ್ಯಾಯ ಬರೆದಿದ್ದಾನೆ. ಆದರೆ ಅದೇ ಅಧ್ಯಾಯದಲ್ಲಿ ಎಚ್ಚರಿಕೆಯೂ ಇದೆ. ಕುಂತಲದ ಶಾತಕರ್ಣಿ ಶಾತವಾಹನ ಇಂಥ ಏಟಿನಿಂದಲೇ ರಾಣಿ ಮಲಯವತಿಯನ್ನು ಕೊಂದ ಅಂತ ಹೆಸರು ಹಿಡಿದು ಹೇಳುತ್ತಾನೆ. ಕುಂತಲ ಅಂದರೆ ನಮ್ಮ ಕರ್ನಾಟಕದ ಭಾಗವೂ ಸೇರಿದ ನಾಡು. ಆವೇಶದಲ್ಲಿ ಕೈ ಎಲ್ಲಿ ನಿಲ್ಲುತ್ತದೆ ಅಂತ ಯಾರಿಗೂ ಗೊತ್ತಿರುವುದಿಲ್ಲ ಅನ್ನುವುದು ಅವನ ಮಾತಿನ ಸಾರ. ಒಪ್ಪಿಗೆ ಇಲ್ಲದ ಏಟು ಹಿಂಸೆ. ಮಹಿಳೆಯರ ರಕ್ಷಣೆಗೆ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಇದೆ. ಮಹಿಳೆಯರಿಗೆ 181, ತುರ್ತು ಇದ್ದರೆ ಯಾರಿಗೇ ಆಗಲಿ 112 ಇದೆ. ಇದನ್ನು ಓದುತ್ತಿರುವ ಯಾರಿಗಾದರೂ ಮನೆಯಲ್ಲಿ ನಿಜವಾಗಿ ಹೀಗಾಗುತ್ತಿದ್ದರೆ ದಯವಿಟ್ಟು ಫೋನ್ ಮಾಡಿ.

ಹೊರಗೆ ಬಿಡುವ ಮುನ್ನ

ಕಥೆಯ ಮೇಲ್ಗಡೆಯೇ "ವಯಸ್ಕರಿಗೆ ಮಾತ್ರ, ಅನ್ಯಾಯದ ಶಿಕ್ಷೆ ಇದೆ" ಅಂತ ಬರೆಯಿರಿ. ಇಂಥದ್ದು ಬೇಡ ಅನ್ನುವವರು ಅಲ್ಲಿಂದಲೇ ತಿರುಗಿ ಹೋಗಲಿ, ಬೇಕು ಅನ್ನುವವರು ಹುಡುಕಿಕೊಂಡು ಬರಲಿ. ಲೈಂಗಿಕ ವಿವರ ತುಂಬುವ ಮೊದಲು ಕಾನೂನನ್ನೂ ನೋಡಿ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ನೇ ಸೆಕ್ಷನ್ ಪ್ರಕಾರ ಅಶ್ಲೀಲವಾದದ್ದನ್ನು ಅಂತರ್ಜಾಲದಲ್ಲಿ ಪ್ರಕಟಿಸಿದರೆ ಮೊದಲ ಸಲಕ್ಕೆ 3 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು. ನಾನು ಮೇಲೆ ಹೇಳಿದ ಹಾಗೆ ಬರೆದರೆ ಅಂಥ ವಿವರ ಬೇಕಾಗುವುದೂ ಇಲ್ಲ. ಗೊತ್ತಿರುವವರ ಹೆಸರು, ಊರು, ಕೆಲಸ ಕಥೆಯಲ್ಲಿ ಇಣುಕದಂತೆ ನೋಡಿಕೊಳ್ಳಿ.

ಕೊನೆಯದಾಗಿ ಒಂದು ಕೆಲಸ. ಬರೆದದ್ದನ್ನು ಎರಡು ದಿನ ಬಿಟ್ಟು ಗಟ್ಟಿಯಾಗಿ ಓದಿ. ಪೆನ್ಸಿಲ್ ಹಿಡಿದುಕೊಂಡು ಏಟಿನ ದೃಶ್ಯದ ಸಾಲುಗಳನ್ನು ಎಣಿಸಿ, ಕ್ಷಮೆಯ ಸಾಲುಗಳನ್ನೂ ಎಣಿಸಿ. ಎರಡನೆಯದು ಕಡಿಮೆ ಇದ್ದರೆ ಬಚ್ಚಲಿನ ನೀರಿನ ಸದ್ದಿಗೆ ವಾಪಸ್ ಹೋಗಿ, ಸುಮಾ ಬಾಗಿಲ ಹೊರಗೆ ನಿಂತಿರುವ ಜಾಗದಿಂದ ಮತ್ತೆ ಬರೆಯಲು ಕೂತುಕೊಳ್ಳಿ.